ನೆರೆಮನೆಯ ಸಂಜೆಯ ಜಪ

ಮಂಗಳೂರಿನ ನಮ್ಮ ನೆರೆಮನೆಯವರು ರೋಮನ್ ಕಥೋಲಿಕ ಕ್ರೈಸ್ತರು, ಮನೆಮಾತು ಕೊಂಕಣಿ. ನಡುವೆ ಮೊಳದೆತ್ತರದ ಮುರಕಲ್ಲಿನ ಗೋಡೆಯೊಂದೇ ಇರುವುದರಿಂದ, ನಾವು ಸಂಧ್ಯಾವಂದನೆಗೆ ಕುಳಿತುಕೊಳ್ಳುವ ಹೊತ್ತಿಗೆ ಅವರ ‘ತೆರ್ಸ್’, ಎಂದರೆ ಜಪಮಾಲೆಯ ಪ್ರಾರ್ಥನೆ, ನಮ್ಮ ಕಿವಿಗೆ ಬೀಳುವುದು.

ಅದರ ಕ್ರಮವನ್ನು ವಾಚಕರಲ್ಲಿ ಕೆಲವರು ಅರಿಯದಿರಬಹುದು. ಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಐದು ಭಾಗಗಳಿವೆ. ಒಂದೊಂದು ಭಾಗದಲ್ಲಿಯೂ ಮನೆಯ ಒಬ್ಬೊಬ್ಬರು ಮಂತ್ರದ ಪೂರ್ವಾರ್ಧವನ್ನು ನುಡಿಯುವರು. ಉಳಿದವರು ಉತ್ತರಾರ್ಧವನ್ನು ಕೂಡಿ ಹೇಳುವರು. ಹೀಗಾಗಿ ಏಳೆಂಟು ವರ್ಷದ ಕೂಸಿಗೂ ಹಿರಿಯರನ್ನು ನಡೆಸುವ ಅಧಿಕಾರವು ಬರುತ್ತದೆ. ಮುಗಿದೊಡನೆ ಮಕ್ಕಳು ಕೈಮುಗಿದು ಹಿರಿಯರೆಲ್ಲರಲ್ಲಿ ‘ಬೆಸಾಂವ್’, ಎಂದರೆ ಆಶೀರ್ವಾದವನ್ನು, ಬೇಡುವರು. ಹಗಲಲ್ಲಿ ಏಟು ತಿಂದ ಹುಡುಗನೂ ಹೊಡೆದ ತಂದೆಯ ಮುಂದೆ ನಿಲ್ಲಲೇಬೇಕು, ತಂದೆಯೂ ಹರಸಲೇಬೇಕು. 32 ವರ್ಷ ಹುಡುಗರಿಗೆ ಪಾಠ ಹೇಳಿದ ನಮಗೆ ಇದಕ್ಕಿಂತ ಮೇಲಾದ ಉಪಾಯವು ಹೊಳೆದದ್ದಿಲ್ಲ.

ಅರ್ಥವರಿಯದ ಬಾಯಿಪಾಠದಿಂದೇನು ಫಲವೆಂದು ಕೇಳುವವರುಂಟು. ನಾವೇನು ಅಮರಕೋಶವನ್ನು ಅರ್ಥವರಿತು ಕಲಿತೆವೆ? ಶಬ್ದವು ಮೊದಲು ನೆಲೆಸಿತು. ಅರ್ಥವು ತನ್ನ ಕಾಲಕ್ಕೆ ಬಂದಿತು. ಕೆಲವು ಇನ್ನೂ ಬರಬೇಕಾಗಿವೆ! 1784ರಲ್ಲಿ ಟಿಪ್ಪೂ ಸುಲ್ತಾನನು ಈ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದನು. ಪಾದ್ರಿಗಳು ಗಡೀಪಾರಾದರು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಅವನು ಮಡಿದ ಬಳಿಕವೇ ಉಳಿದವರಿಗೆ ಬಿಡುಗಡೆ. ಆ ಹದಿನೈದು ವರ್ಷ ಅವರ ಧರ್ಮಕ್ಕೆ ಮನೆಯ ಹಿರಿಯರ ನಾಲಿಗೆಯಲ್ಲದೆ ಬೇರೆ ಆಸರೆ ಎಷ್ಟಿದ್ದೀತು?

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ, ಅದೇ ತೆನೆಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವನ್ನು ಆಯ್ದು ಇಗರ್ಜಿಗೆ ಒಯ್ಯುವರು. ಪಾದ್ರಿಗಳು ಹರಸಿಕೊಟ್ಟ ಭತ್ತದ ತೆನೆಯು ಮನೆಗೆ ಬಂದ ಮೇಲೆ ಅದರ ಕಾಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುವರು. ಅಂದು ಮೀನುಮಾಂಸವಿಲ್ಲ; ಬಾಳೆಯೆಲೆಯ ಊಟ. ನಮ್ಮ ಹೊಸ್ತಿನ ಊಟಕ್ಕೂ ಇದಕ್ಕೂ ಬಹಳ ದೂರವಿಲ್ಲ. ದುಬಾಯಿಯಲ್ಲಿರುವ ಮಗನಿಗಾಗಿ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದ್ದನ್ನು ಕಂಡಿದ್ದೇವೆ.

ಕಳೆದ ಮಳೆಗಾಲದಲ್ಲಿ ಆ ಮನೆಯ ಅಜ್ಜಿ ತೀರಿಕೊಂಡರು. ಮೂರು ತಿಂಗಳು ಮನೆಮಂದಿಯೆಲ್ಲ ಅವರಿಗಾಗಿಯೇ ಜಪ ಮಾಡಿದ್ದರು. ಹತ್ತು ವರ್ಷದ ಮೊಮ್ಮಗನು, “ಅಷ್ಟು ಬೇಡಿಕೊಂಡೆವಲ್ಲ, ಕೇಳಿದವರು ಯಾರು?” ಎಂದು ಮಾಲೆಯನ್ನು ಕೆಳಗಿಟ್ಟು ಎದ್ದುಹೋದನಂತೆ. ಅಜ್ಜನವರು ಗದರಲಿಲ್ಲ, ಉಪದೇಶಿಸಲೂ ಇಲ್ಲ. “ಉತ್ತರ ಗೊತ್ತಿದ್ದರೆ ಹೇಳುತ್ತಿದ್ದೆ, ಮಾಸ್ಟ್ರೇ,” ಎಂದು ಗೋಡೆಯಾಚೆಯಿಂದ ನಮ್ಮೊಡನೆ ನುಡಿದರು. ನಮ್ಮಲ್ಲಿಯೂ ಉತ್ತರವಿರಲಿಲ್ಲ.

ಮೂರನೆಯ ಭಾಗವು ಅಜ್ಜಿಯದು. ಅಲ್ಲಿಗೆ ಬಂದಾಗ ದನಿ ತುಸು ನಿಲ್ಲುವುದು. ಬಳಿಕ ಅಜ್ಜನವರೇ ಮುಂದುವರಿಸುವರು. ಹುಡುಗನು ಜಗಲಿಯಲ್ಲಿಯೇ ಕುಳಿತಿರುತ್ತಿದ್ದನು. ಒಂದು ಸಂಜೆ ಕೆಮ್ಮು ಹತ್ತಿ ಅಜ್ಜನವರಿಗೆ ಮಾತು ಹೊರಡಲಿಲ್ಲ. ಅವನು ಕುಳಿತಲ್ಲಿಂದಲೇ ಹೇಳಿ ಮುಗಿಸಿದನು. ಅಂದಿನಿಂದ ಆ ಭಾಗವು ಅವನದು. ಬಲು ಅವಸರದಲ್ಲಿ ಹೇಳುತ್ತಾನೆ, ಅಕ್ಷರಗಳನ್ನು ನುಂಗುತ್ತಾನೆ. ಪ್ರಶ್ನೆಯನ್ನು ಮಾತ್ರ ಅವನು ಇನ್ನೂ ಬಿಟ್ಟಿಲ್ಲವೆಂದು ಅಜ್ಜನವರು ಹೇಳುತ್ತಾರೆ.