ಮಿಕ್ಕಿದ್ದ ಸಿರಪ್ಪು

ನಮ್ಮದು ಮಡಕಶಿರಾ. ಮಗಳನ್ನು ಕೊಟ್ಟದ್ದು ರಾಯದುರ್ಗಕ್ಕೆ. ರಾಜ್ಯ ಆಂಧ್ರವಾದರೂ ಎರಡೂ ಮನೆಯ ಮಾತು ಕನ್ನಡವೇ. ಎರಡನೆಯ ಬಾಣಂತನಕ್ಕೆ ಬಂದವಳು ಗಂಡುಮಗು ಹೆತ್ತಾಗ ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ.

ಹತ್ತನೆಯ ದಿನ ಕೂಸು ಕೆಮ್ಮಿತು. ದೊಡ್ಡ ಮೊಮ್ಮಗಳಿಗೆ ತಂದು ಮಿಕ್ಕಿದ್ದ ಎರಿತ್ರೋಮೈಸಿನ್ ಸಿರಪ್ಪನ್ನು ಯಾರನ್ನೂ ಕೇಳದೆ ನಾಲ್ಕು ದಿನ ಕುಡಿಸಿದೆವು.

ನಾಲ್ಕನೆಯ ವಾರದಲ್ಲಿ ವಾಂತಿ ಶುರುವಾಯಿತು. ಕುಡಿದ ಹಾಲೆಲ್ಲ ದೂರಕ್ಕೆ ಚಿಮ್ಮುತ್ತಿತ್ತು. ವಾಂತಿಯಾದೊಡನೆ ಮಗು ಮತ್ತೆ ಹಸಿವಿನಿಂದ ಅಳುತ್ತಿತ್ತು. ನೆರೆಯವರು ದೃಷ್ಟಿಯೆಂದು ನಿವಾಳಿಸಿದರು. ನಾವು ಬಾಣಂತಿಯ ಪಥ್ಯ ಬಿಗಿ ಮಾಡಿದೆವು. ಒಂದು ವಾರದಲ್ಲಿ ಮಗು ಬಡಕಲಾಯಿತು, ಮೂತ್ರ ಕಡಿಮೆಯಾಯಿತು, ನೆತ್ತಿ ಗುಳಿಬಿತ್ತು. ಆಗ ಬೆಂಗಳೂರಿಗೆ ಓಡಿದೆವು.

ವೈದ್ಯರು ಹೊಟ್ಟೆ ಒತ್ತಿ ನೋಡಿದಾಗ ಎಲಚಿಹಣ್ಣಿನಂಥ ಗಂಟು ಕೈಗೆ ಸಿಕ್ಕಿತು. ಸ್ಕ್ಯಾನಿಂಗ್‌ನಲ್ಲೂ ಅದೇ ಕಂಡಿತು. ಜಠರದಿಂದ ಕರುಳಿಗೆ ಹೋಗುವ ಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಮುಚ್ಚಿತ್ತು. ಇದಕ್ಕೆ ಪೈಲೋರಿಕ್ ಸ್ಟೆನೋಸಿಸ್ ಎನ್ನುತ್ತಾರೆ. ಮೊದಲು ಡ್ರಿಪ್ ಹಾಕಿ ದೇಹದ ನೀರು, ಲವಣ ಸರಿಪಡಿಸಿದರು. ಆಮೇಲೆ ಆಪರೇಷನ್ ಮಾಡಿ, ಒಳಪದರಕ್ಕೆ ತಾಗದಂತೆ ಆ ಸ್ನಾಯುವನ್ನಷ್ಟೇ ಸೀಳಿದರು. ಜರ್ಮನಿಯ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ವಿಧಾನವಂತೆ. ಮರುದಿನವೇ ಮಗು ಹಾಲು ಕುಡಿದು ದಕ್ಕಿಸಿಕೊಂಡಿತು.

ಸಿರಪ್ಪಿನ ಮಾತು ಮಾತ್ರ ನಮ್ಮ ಗಂಟಲಲ್ಲೇ ಉಳಿದಿತ್ತು. ಕೊನೆಗೆ ಮಗಳ ಎದುರಿಗೇ ವೈದ್ಯರಿಗೆ ಹೇಳಿದೆವು. ಅವರು ಬೈಯಲಿಲ್ಲ. 1999ರಲ್ಲಿ ಅಮೆರಿಕದ ನಾಕ್ಸ್‌ವಿಲ್‌ನಲ್ಲಿ ನಾಯಿಕೆಮ್ಮು ಹರಡದಂತೆ ಸುಮಾರು 200 ನವಜಾತ ಶಿಶುಗಳಿಗೆ ಇದೇ ಔಷಧಿ ಕೊಡಬೇಕಾಯಿತು. ಅವರಲ್ಲಿ 7 ಮಕ್ಕಳಿಗೆ ಈ ತೊಂದರೆ ಬಂತು ಎಂದರು. ಔಷಧಿ ಕೊಡದಿದ್ದರೂ ಇದು ಬರುತ್ತದೆ, ಗಂಡುಮಕ್ಕಳಲ್ಲೇ ಹೆಚ್ಚು. ಆದ್ದರಿಂದ ನಮ್ಮ ಮಗುವಿಗೆ ಸಿರಪ್ಪಿನಿಂದಲೇ ಬಂತೆಂದು ಹೇಳಲಾಗದು. ಆದರೆ ಹುಟ್ಟಿದ ಮೊದಲೆರಡು ವಾರಗಳಲ್ಲಿ ಅದನ್ನು ಕೊಟ್ಟರೆ ಅಪಾಯ ಹೆಚ್ಚುತ್ತದೆ.

ಹಾಗೆಂದು ಆಂಟಿಬಯೋಟಿಕ್‌ಗೆ ಹೆದರಬೇಕಿಲ್ಲ. ಬ್ಯಾಕ್ಟೀರಿಯಾ ಸೋಂಕು ತಗುಲಿದ ಎಳೆಗೂಸಿನ ಜೀವ ಉಳಿಸುವುದೂ ಅದೇ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು, ನಾವಲ್ಲ. ಎಳೆಗೂಸಿಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಉಸಿರು ಜೋರಾದರೆ, ಹಾಲು ಚಿಮ್ಮಿ ವಾಂತಿಯಾದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ವಾಂತಿ ಹಸಿರಾಗಿದ್ದರಂತೂ ಒಂದು ಗಂಟೆಯೂ ಕಾಯಬೇಡಿ.

ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಮಗಳು ನಮ್ಮನ್ನು ಒಂದು ದಿನವೂ ದೂರಲಿಲ್ಲ. ಅವನನ್ನು ಮೀಯಿಸುವಾಗ ಹೊಟ್ಟೆಯ ಮೇಲಿನ ಆ ಸಣ್ಣ ಗೆರೆ ಕಂಡರೆ ಇಂದಿಗೂ ನಮ್ಮ ಕೈ ಒಂದು ಕ್ಷಣ ನಿಲ್ಲುತ್ತದೆ. ಮಿಕ್ಕ ಸಿರಪ್ಪನ್ನು ನಾವೀಗ ಮನೆಯಲ್ಲಿ ಇಡುವುದಿಲ್ಲ.