ಬಡ್ಡಿಯಿಲ್ಲದ ಸಾಲ, ಪಾಲಾಗದ ಮನೆ

ಶಿಡ್ಲಘಟ್ಟದ ನಮ್ಮ ಮೊಹಲ್ಲಾದಲ್ಲಿ ‘ಫಾರಿನ್’ ಎಂಬ ಪದಕ್ಕೆ ಬಹುಕಾಲ ಒಂದೇ ಅರ್ಥವಿತ್ತು: ದುಡಿಯಲು ಹೋಗುವ ಜಾಗ. ಜಿದ್ದಾ, ರಿಯಾಧ್, ದಮ್ಮಾಮ್, ದುಬೈ. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗನ ಹತ್ತಿರವೂ ಪಾಸ್‌ಪೋರ್ಟ್ ಇರುತ್ತಿತ್ತು. ಏಜೆಂಟನಿಗೆ ಕೊಡಲು ಅಕ್ಕನ ಬಳೆ ಅಡವಿಗೆ ಹೋಗುತ್ತಿತ್ತು. ಎರಡು ವರ್ಷದ ನಂತರ ಹುಡುಗ ರಜೆಗೆ ಬಂದಾಗ ಬಳೆಯೂ ಬಿಡುಗಡೆಯಾಗಿ ಬರುತ್ತಿತ್ತು, ಜೊತೆಗೆ ಒಂದು ಟೇಪ್ ರೆಕಾರ್ಡರ್, ಎರಡು ದಪ್ಪ ಕಂಬಳಿ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಓದುವುದಕ್ಕೆಂದು, ಕೈಯಿಂದ ಹಣ ಹಾಕಿ, ಅದೂ ಹೆಣ್ಣುಮಗಳೊಬ್ಬಳು ಪರದೇಶಕ್ಕೆ ಹೋಗುವುದು ನಮ್ಮವರಿಗೆ ಹೊಸ ಲೆಕ್ಕ. ಕಳೆದ ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಈ ಲೆಕ್ಕವೇ ನಡೆದಿದೆ.

ಹೋಗಬೇಕಾದವಳು ನಮ್ಮ ಅಣ್ಣನ ಮಗಳು. ಅಣ್ಣ ರೇಷ್ಮೆ ರೀಲರ್. ಗೂಡು ಕೊಂಡು ನೂಲು ತೆಗೆಯುವ ಸಣ್ಣ ಫಿಲೇಚರ್ ಇದೆ. ಮಗಳು ಸಿಇಟಿಯಲ್ಲಿ ಸೀಟು ಪಡೆದು ಸಿವಿಲ್ ಇಂಜಿನಿಯರಿಂಗ್ ಮುಗಿಸಿದಳು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ. ಮುಂದೆ ಅವಳಿಗೆ ನೀರಿನ ಬಗ್ಗೆ ಓದಬೇಕು. ಹುಚ್ಚಲ್ಲ, ನಮ್ಮ ಸೀಮೆಯವರಿಗೆ ಇದು ಅರ್ಥವಾಗುತ್ತದೆ. ನದಿಯಿಲ್ಲದ ಊರು, ಸಾವಿರ ಅಡಿ ದಾಟಿದರೂ ಬತ್ತುವ ಬೋರ್‌ವೆಲ್, ಬಂದ ನೀರಿನಲ್ಲಿ ಫ್ಲೋರೈಡ್. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಆಮೇಲೆ ಇನ್ನೊಂದು ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬಂತು. ಆ ನೀರನ್ನು ಎರಡು ಹಂತ ಶುದ್ಧ ಮಾಡಿದರೆ ಸಾಕೋ, ಮೂರನೆಯ ಹಂತವೂ ಬೇಕೋ ಎಂದು ಅವಳು ಊಟದ ಹೊತ್ತಿನಲ್ಲಿ ಅಪ್ಪನ ಜೊತೆ ವಾದಿಸುತ್ತಾಳೆ. ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೇ ವಿಷಯದ ಎಂ.ಎಸ್ಸಿ.ಗೆ ಅವಳನ್ನು ಆರಿಸಿಕೊಂಡಿತು.

ಜರ್ಮನಿ ಎಂದೊಡನೆ ‘ಅಲ್ಲಿ ಓದು ಪುಕ್ಕಟೆಯಂತಲ್ಲ’ ಎನ್ನುವವರು ಬಹಳ. ಅದು ಅರ್ಧ ನಿಜ. 2014ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳೂ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕವನ್ನು ಕೈಬಿಟ್ಟಿದ್ದವು. ಆಮೇಲೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಇನ್ನೂ ಹೆಚ್ಚಿನ ಶುಲ್ಕ ತಂದಿತು. ನಮ್ಮ ಹುಡುಗಿಗೆ ಸಿಕ್ಕ ಕಡೆ ಶುಲ್ಕವಿಲ್ಲ, ಸೆಮಿಸ್ಟರಿನ ಸಣ್ಣ ವಂತಿಗೆ ಮಾತ್ರ. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಬದುಕಿನ ಖರ್ಚನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ಬೀಗ ಹಾಕಬೇಕು. ‘ಬ್ಲಾಕ್ಡ್ ಅಕೌಂಟ್’ ಎನ್ನುತ್ತಾರೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಮ್ಮ ಹಣವನ್ನೇ ನಮಗೆ ಕೊಡುತ್ತಾರೆ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ವಿಮಾನ, ವಿಮೆ, ಪ್ರಮಾಣಪತ್ರಗಳ ಪರಿಶೀಲನೆ, ಚಳಿಯ ಬಟ್ಟೆ ಎಲ್ಲ ಸೇರಿ ಹದಿನೈದು ಲಕ್ಷ. ಎರಡನೆಯ ವರ್ಷಕ್ಕೆ ಅವಳೇ ಅಲ್ಲಿ ದುಡಿದುಕೊಳ್ಳಬೇಕು. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ, ಅಥವಾ 280 ಅರ್ಧ ದಿನ ಕೆಲಸಕ್ಕೆ ಅನುಮತಿ ಇದೆ.

ವಿದ್ಯಾರ್ಥಿವೇತನಗಳಿಲ್ಲವೇ? ಇವೆ. ನಮ್ಮ ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್‌ಗೆ ಹೋದರು, ‘ಸಂಸ್ಕಾರ’ವನ್ನು ಅಲ್ಲಿಯೇ ಬರೆದರು. ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋದವರು. ಅಂಥವು ಈಗಲೂ ಇವೆ, ಜರ್ಮನಿಯ ಡಿಎಎಡಿ ಕೂಡ ಇದೆ. ಆದರೆ ಅವು ಬೆರಳೆಣಿಕೆಯ ಜನರಿಗೆ, ಹಲವಕ್ಕೆ ಎರಡು ವರ್ಷದ ಕೆಲಸದ ಅನುಭವವೂ ಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ 2013-14ರಲ್ಲಿ ‘ಪಢೋ ಪರದೇಸ್’ ತಂದಿತ್ತು. ವಿದೇಶಿ ವ್ಯಾಸಂಗಕ್ಕೆ ಬ್ಯಾಂಕಿನಿಂದ ಪಡೆದ ಸಾಲದ ಮೇಲೆ, ಕಂತು ಆರಂಭವಾಗುವವರೆಗಿನ ಬಡ್ಡಿಯನ್ನು ಸರ್ಕಾರ ತುಂಬುತ್ತಿತ್ತು. ಹೆಣ್ಣುಮಕ್ಕಳಿಗೆ ಶೇ. 35 ಮೀಸಲಿತ್ತು. 2022-23ರಲ್ಲಿ ಅದನ್ನು ನಿಲ್ಲಿಸಿದರು. ಪಿಎಚ್.ಡಿ. ಮಾಡುವವರ ಮೌಲಾನಾ ಆಜಾದ್ ಫೆಲೋಷಿಪ್ ಕೂಡ ಅದೇ ವರ್ಷ ನಿಂತಿತು. ನಮ್ಮ ಹುಡುಗಿ ಆಗಿನ್ನೂ ಕಾಲೇಜಿನಲ್ಲಿದ್ದಳು.

ಉಳಿದದ್ದು ಬ್ಯಾಂಕು. ಏಳೂವರೆ ಲಕ್ಷ ದಾಟಿದ ಶೈಕ್ಷಣಿಕ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಹದಿನೈದು ಲಕ್ಷಕ್ಕೆ ಶೇ. 11ರಂತೆ ಅಣ್ಣ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದರು. ಓದಿನ ಎರಡು ವರ್ಷ, ಮೇಲೆ ಒಂದು ವರ್ಷ ಕಂತಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಮೂರು ವರ್ಷಕ್ಕೆ ಅಸಲು ಇಪ್ಪತ್ತು ಲಕ್ಷದ ಬಳಿ ನಿಲ್ಲುತ್ತದೆ. ಆಮೇಲೆ ಹತ್ತು ವರ್ಷ, ತಿಂಗಳಿಗೆ ಇಪ್ಪತ್ತೇಳೂವರೆ ಸಾವಿರ. ಕಟ್ಟಿ ಮುಗಿಸುವಾಗ ಹದಿನೈದು ಲಕ್ಷ ಮೂವತ್ಮೂರು ಲಕ್ಷವಾಗಿರುತ್ತದೆ.

ಅಮ್ಮಿ ಆ ಹಾಳೆಯನ್ನು ನೋಡಲೂ ಇಲ್ಲ. “ಬಡ್ಡಿ ದುಡ್ಡಿನಲ್ಲಿ ನನ್ನ ಮೊಮ್ಮಗಳು ಓದುವುದು ಬೇಡ” ಎಂದರು. ಅಣ್ಣನೂ ತಲೆಯಾಡಿಸಿದರು. ಗೂಡು ಕೊಳ್ಳಲು ಬ್ಯಾಂಕಿನಲ್ಲಿ ಓಡಿ ತೆಗೆದಾಗ ಮನೆಯಲ್ಲಿ ಯಾರೂ ಯಾವ ಮೌಲಾನಾರನ್ನೂ ಕೇಳಿರಲಿಲ್ಲ ಎಂಬುದು ನಮಗೆ ನೆನಪಿದೆ. ಗಂಡಸರ ವ್ಯಾಪಾರಕ್ಕೆ ‘ಮಜಬೂರಿ’ ಎಂಬ ಪದ ಬೇಗ ಒದಗುತ್ತದೆ, ಹೆಣ್ಣುಮಗಳ ಓದಿಗೆ ಒದಗುವುದಿಲ್ಲ. ಹಾಗೆಂದು ಅಮ್ಮಿಯ ಅಳುಕನ್ನು ತಮಾಷೆ ಮಾಡುವವರು ನಾವಲ್ಲ. ಇದು ನಮ್ಮ ಮೊಹಲ್ಲಾದ ಅಳುಕು ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ಮುಸ್ಲಿಂ ವಿದ್ಯಾರ್ಥಿಗಳು ಸರ್ಕಾರಿ ಸಾಲದಿಂದ ದೂರ ಉಳಿಯುತ್ತಿದ್ದಾರೆಂದು ಅಲ್ಲಿನ ಸರ್ಕಾರ 2014ರಲ್ಲಿ ಬಡ್ಡಿರಹಿತ ಪರ್ಯಾಯದ ಬಗ್ಗೆ ಜನಾಭಿಪ್ರಾಯ ಕೇಳಿತು, 2017ರಲ್ಲಿ ಕಾಯ್ದೆಯೂ ಆಯಿತು. ಕಾಯ್ದೆಯಾದ ಮೇಲೂ ಅಲ್ಲಿನ ಮಕ್ಕಳು ವರ್ಷಗಟ್ಟಲೆ ಕಾದರು.

ನಮ್ಮಲ್ಲಿ ಒಂದು ದಾರಿ ಇತ್ತು. ‘ಅರಿವು’ ಕೊಟ್ಟ ಅದೇ ನಿಗಮ ವಿದೇಶಿ ವ್ಯಾಸಂಗಕ್ಕೂ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಅಮ್ಮಿಯ ಮುಖ ಅರಳಿತು. ಆದರೆ ಆಸ್ತಿ ಅಡಮಾನ ಮಾಡಬೇಕು. ಅಷ್ಟೇ ತಾನೆ, ಮನೆ ಇದೆಯಲ್ಲ ಎಂದುಕೊಂಡು ಅಣ್ಣ ಬೀರುವಿನಿಂದ ಕಾಗದ ತೆಗೆದರು. ಖಾತೆ ಇನ್ನೂ ದಾದಾ ಹೆಸರಿನಲ್ಲಿತ್ತು.

ದಾದಾ ತೀರಿಕೊಂಡದ್ದು 1994ರಲ್ಲಿ, ಎರಡು ವರ್ಷದ ನಂತರ ದಾದಿ. ಇಬ್ಬರು ಗಂಡುಮಕ್ಕಳು, ಅಂದರೆ ನಮ್ಮ ಅಬ್ಬಾ ಮತ್ತು ಚಾಚಾ. ಮೂವರು ಹೆಣ್ಣುಮಕ್ಕಳು, ನಮ್ಮ ಫುಫುಗಳು. ಶರೀಅತ್ತಿನ ಲೆಕ್ಕ ಉರ್ದು ಶಾಲೆಯ ಹುಡುಗರಿಗೂ ಗೊತ್ತು: ಗಂಡಿಗೆ ಎರಡು, ಹೆಣ್ಣಿಗೆ ಒಂದು. ಒಟ್ಟು ಏಳು ಭಾಗ, ಅದರಲ್ಲಿ ಮೂರು ಭಾಗ ಫುಫುಗಳದ್ದು. ಮಾರುಕಟ್ಟೆ ರಸ್ತೆಯ ಆ ಮನೆಗೆ ಎಪ್ಪತ್ತು ಲಕ್ಷ ಎಂದರೂ ತಲಾ ಹತ್ತು ಲಕ್ಷ. ಮೂವತ್ತು ವರ್ಷದಿಂದ ಆ ಭಾಗವನ್ನು ಯಾರೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಈದಿಗೆ ಸೀರೆ, ಹೆರಿಗೆಗೆ ತೊಟ್ಟಿಲು, ಮದುವೆಗೆ ಮುಯ್ಯಿ ಹೋಗುತ್ತಿತ್ತು. ಹಿರಿಯರು ಅದನ್ನೇ ಪಾಲು ಎಂದು ತಿಳಿದಂತಿತ್ತು.

ವಕೀಲರಿಗೆ ಇದು ದಿನನಿತ್ಯದ ಸಂಗತಿ. “ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳಿ. ಅತ್ತೆಯಂದಿರು ಬೇಡ ಅನ್ನಲ್ಲ. ನಿಮ್ಮವರಲ್ಲೂ ನಮ್ಮವರಲ್ಲೂ ಎಲ್ಲಾ ಹೀಗೇ” ಎಂದರು. ನಿಜ, ಎಲ್ಲಾ ಹೀಗೇ. ಬಡ್ಡಿ ನಿಷಿದ್ಧವೆಂದು ಸೂರಃ ಬಕರಾದಲ್ಲಿದೆ, ಮಸೀದಿಯಲ್ಲಿ ಅದರ ಬಗ್ಗೆ ಪ್ರವಚನ ಕೇಳುತ್ತೇವೆ. ಹೆಣ್ಣುಮಕ್ಕಳ ಪಾಲು ಸೂರಃ ನಿಸಾದಲ್ಲಿ ಭಿನ್ನರಾಶಿಯ ಸಮೇತ ಇದೆ. ಇಷ್ಟು ವರ್ಷದಲ್ಲಿ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಅದರ ಮೇಲೊಂದು ಜುಮಾ ಪ್ರವಚನ ಕೇಳಿದ ನೆನಪು ನಮಗಿಲ್ಲ. ಬಡ್ಡಿಯಿಲ್ಲದ ಸಾಲ ಬೇಕೆಂದು ಹೊರಟ ಮನೆ, ಅದಕ್ಕಾಗಿ ಅತ್ತೆಯಂದಿರ ಭಾಗವನ್ನು ಒಂದು ಸಹಿಯಲ್ಲಿ ಅಳಿಸಲು ತಯಾರಾಗಿತ್ತು.

ನಮ್ಮ ಉರ್ದು ಪಠ್ಯದಲ್ಲಿ ಸರ್ ಸಯ್ಯದರ ಪಾಠವಿತ್ತು. 1869ರಲ್ಲಿ ಮಗ ಸಯ್ಯದ್ ಮಹಮೂದ್‌ಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದಾಗ ತಾವೂ ಜೊತೆಗೆ ಹೋಗಲು ಅವರು ಮನೆ ಅಡವಿಟ್ಟರು, ಪುಸ್ತಕ ಮಾರಿದರು ಎಂದು ಮಾಸ್ತರರು ಕಣ್ಣು ತುಂಬಿಕೊಂಡು ಹೇಳುತ್ತಿದ್ದರು. ಇಕ್ಬಾಲರನ್ನು 1905ರಲ್ಲಿ ಕೇಂಬ್ರಿಜ್‌ಗೆ ಕಳಿಸಿದ್ದು ಅಣ್ಣ ಅತಾ ಮುಹಮ್ಮದರ ಸಂಪಾದನೆ. ಓದಿಗಾಗಿ ಮನೆ ಅಡವಿಡುವ ಅಪ್ಪ, ದುಡಿದು ಕಳಿಸುವ ಅಣ್ಣ ನಮ್ಮ ಪಾಠಗಳಲ್ಲಿದ್ದರು. ಅಡವಿಟ್ಟ ಮನೆಯ ಕಾಗದದಲ್ಲಿ ಯಾರ ಯಾರ ಹೆಸರಿತ್ತು ಎಂಬುದು ಪಾಠದಲ್ಲಿ ಇರಲಿಲ್ಲ. ಕಥೆ ಬರೆಯುವವರಿಗೆ ಇಂಥ ಕಡೆಯೇ ಕಣ್ಣು ಹೋಗುತ್ತದೆ.

ಖುಲಾಸೆ ಪತ್ರದ ಕರಡು ಹಿಡಿದು ನಾವು ಮತ್ತು ಅಣ್ಣ ಚಿಂತಾಮಣಿಗೆ ಹೋದೆವು. ಹುಡುಗಿಯೂ ಬಂದಳು. ಬಡಿ ಫುಫುಗೆ ಈಗ ಎಪ್ಪತ್ತನಾಲ್ಕು. ನಾಲ್ಕನೆಯ ತರಗತಿಯವರೆಗೆ ಉರ್ದು ಓದಿದವರು. ಮುಂದಿನ ಶಾಲೆ ಬಸ್ ನಿಲ್ದಾಣದ ಆಚೆ ಇತ್ತು, ಅಷ್ಟು ದೂರ ಹೆಣ್ಣು ಹೋಗುವುದು ಬೇಡ ಎಂದು ದಾದಾ ಬಿಡಿಸಿದ್ದರು. ಅವರು ಚಹಾ ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಆಮೇಲೆ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

“ನನ್ನ ಭಾಗ ಎಷ್ಟು ಅಂತ ಲೆಕ್ಕ ಮಾಡಿದೀರಾ?”

“ಏಳರಲ್ಲಿ ಒಂದು, ಫುಫು” ಎಂದರು ಅಣ್ಣ.

“ಮೂವತ್ತು ವರ್ಷದಲ್ಲಿ ಯಾರೂ ಈ ಲೆಕ್ಕ ಹೇಳಿರಲಿಲ್ಲ. ಜರ್ಮನಿಯವರು ಬಾಯಿ ಬಿಡಿಸಿದರು ನೋಡು” ಎಂದು ಹುಡುಗಿಯ ಮುಖ ನೋಡಿ ನಕ್ಕರು. ನಂತರ ನಗಲಿಲ್ಲ. “ಖುಲಾಸೆ ಬರೆದುಕೊಡಲ್ಲ ಬೇಟಾ. ಮೊದಲು ಖಾತೆಯಲ್ಲಿ ನನ್ನ ಹೆಸರು ಬರಲಿ. ಬಂದ ಮೇಲೆ ಎಲ್ಲಿ ಸಹಿ ಹಾಕಬೇಕೋ ತೋರಿಸು. ನನ್ನ ಭಾಗವನ್ನು ನಾನೇ ಅಡವಿಡ್ತೀನಿ. ಇವಳು ಓದಿ ಬರಲಿ.”

ಅಣ್ಣ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕರಡು ಅವರ ಅಂಗಿಯ ಜೇಬಿನಲ್ಲೇ ಇತ್ತು. ಹುಡುಗಿ ಮಾತ್ರ, “ಚಾಚಾ, ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದು ನಿಜವಾ?” ಎಂದು ಎರಡು ಸಲ ಕೇಳಿದಳು.

ಅಲ್ಲಿಂದ ಕಾಗದದ ಅಲೆದಾಟ. ವಂಶವೃಕ್ಷ, ಮರಣ ಪ್ರಮಾಣಪತ್ರಗಳು, ಇ-ಖಾತೆ. ಕೋಲಾರದ ಎರಡನೆಯ ಫುಫು 2021ರ ಕೊರೊನಾದಲ್ಲಿ ತೀರಿಕೊಂಡಿದ್ದರು. ಅವರ ಭಾಗ ಐದು ಮಕ್ಕಳಿಗೆ ಹೋಗಿತ್ತು, ಒಬ್ಬ ಮಗ ದಮ್ಮಾಮಿನಲ್ಲಿ ಲಾರಿ ಓಡಿಸುತ್ತಾನೆ. ಅವನಿಂದ ಅಧಿಕಾರ ಪತ್ರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಕ್ಟೋಬರಿನ ಸೆಮಿಸ್ಟರ್ ಆರಂಭವಾಗಿ ಹೋಯಿತು. ಹುಡುಗಿ ಮತ್ತೆ ಅರ್ಜಿ ಹಾಕಿದ್ದಾಳೆ, ಬೆಂಗಳೂರಿನ ಒಂದು ಕಚೇರಿಯಲ್ಲಿ ಕೊಳವೆಮಾರ್ಗದ ನಕ್ಷೆ ಬರೆಯುತ್ತ, ಸಂಜೆ ಜರ್ಮನ್ ಕಲಿಯುತ್ತಾಳೆ. ಒಂದು ವರ್ಷ ಹೋಯಿತಲ್ಲ ಎಂದು ಭಾಭಿ ಕಣ್ಣೀರು ಹಾಕುತ್ತಾರೆ. ಸಂಕಟ ನಮಗೂ ಇದೆ. ಆದರೆ ಆ ವರ್ಷ ಉಳಿಸಲು ಖುಲಾಸೆಗೆ ಸಹಿ ಹಾಕಿಸಿಕೊಂಡಿದ್ದರೆ ಹುಡುಗಿಯ ಓದಿಗೆ ಫುಫುಗಳೇ ಫೀಜು ಕಟ್ಟಿದಂತಾಗುತ್ತಿತ್ತು, ರಸೀದಿಯಿಲ್ಲದೆ.

ದೇವನಹಳ್ಳಿ ಬಳಿಯ ವಿಜಯಪುರದ ಛೋಟಿ ಫುಫು ಬೇರೆ ದಾರಿ ಹಿಡಿದರು. “ಹೆಸರು ಇಟ್ಟುಕೊಂಡು ನಾನೇನು ಮಾಡಲಿ? ನನ್ನ ಭಾಗದ ಹಣ ಕೊಡಿ. ನನ್ನ ಮೊಮ್ಮಗಳೂ ನರ್ಸಿಂಗ್ ಸೇರಿದ್ದಾಳೆ, ಅವಳದ್ದೂ ಓದೇ” ಎಂದರು. ಅಣ್ಣನಿಗೆ ಸಿಟ್ಟು ಬಂತು. ಹದಿನೈದು ಲಕ್ಷ ಸಾಲ ಹುಡುಕುವವನ ಹತ್ತಿರ ಹತ್ತು ಲಕ್ಷ ಕೇಳುವುದೇ ಎಂದು. ಛೋಟಿ ಫುಫು ಸರಿಯಾಗಿಯೇ ಹೇಳಿದ್ದಾರೆಂದು ನಮಗೆ ತೋರುತ್ತದೆ. ಒಬ್ಬ ಹುಡುಗಿಯ ಓದಿಗೆ ಇನ್ನೊಬ್ಬ ಹುಡುಗಿಯ ಓದು ಅಡವಾಗಬಾರದು. ಚಾಚಾ ನಡುವೆ ಕೂತು ಮಾತಾಡಿದರು. ಅವರೂ ಅಣ್ಣನೂ ಸೇರಿ ಎರಡೂವರೆ ವರ್ಷದಲ್ಲಿ ಐದು ಕಂತು ಕೊಡುವುದೆಂದು ಬರೆದುಕೊಂಡಾಯಿತು.

ಹೊಸ ಖಾತೆ ಕಳೆದ ತಿಂಗಳು ಬಂತು. ನಿಗಮದ ಕಚೇರಿಗೆ ಕಡತ ಹೋಗಿದೆ. ಬಡಿ ಫುಫು ಅಡಮಾನದ ಅರ್ಜಿಯ ಮೇಲೆ ಉರ್ದುವಿನಲ್ಲಿ, ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದರು. ಗುಮಾಸ್ತರು ಹೆಬ್ಬೆಟ್ಟಿನ ಪ್ಯಾಡನ್ನು ಮುಂದೆ ಸರಿಸಿದಾಗ ಅದನ್ನು ವಾಪಸ್ ಸರಿಸಿದ್ದೂ ಅವರೇ. ಈ ವಾರ ಗೂಡಿನ ದರ ಇಳಿದಿದೆ, ನೂಲು ಮಾರಿದ ಹಣ ಕೈಸೇರಿದೆ. ಶುಕ್ರವಾರದ ನಮಾಜು ಮುಗಿಸಿ ಛೋಟಿ ಫುಫುವಿನ ಮೊದಲ ಕಂತು ಎರಡು ಲಕ್ಷ ಕೊಡಲು ಅಣ್ಣ ವಿಜಯಪುರಕ್ಕೆ ಹೊರಟಿದ್ದಾರೆ, ನಾವೂ ಹೋಗಬೇಕು.