ಅತ್ತಿವೇರಿಯ ನೀರಂಚಿನಲ್ಲಿ ಒಂದು ಹಗಲು

ಉತ್ತರ ಕನ್ನಡ ಎಂದ ಕೂಡಲೇ ಜನರಿಗೆ ಕಡಲು ನೆನಪಾಗುತ್ತದೆ. ನೀರಹಕ್ಕಿ ನೋಡುವ ಗೀಳಿನವರೂ ಕಾರವಾರದ ತೀರ, ಅಘನಾಶಿನಿಯ ಅಳಿವೆ ಎಂದು ಪಡುವಣಕ್ಕೇ ಹೊರಡುತ್ತಾರೆ. ಅದೇ ಜಿಲ್ಲೆಯ ಮೂಡಣ ಅಂಚಿನಲ್ಲಿ, ಘಟ್ಟದ ಕಾಡು ತೆಳುವಾಗುತ್ತ ಧಾರವಾಡ ಸೀಮೆಯ ಬಯಲಿಗೆ ಸೇರುವಲ್ಲಿ, ಮುಂಡಗೋಡಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಅತ್ತಿವೇರಿ ಇದೆ. ಒಂದು ಜಲಾಶಯ, ಅದರ ಸುತ್ತ ಕಾಡು. ಪಕ್ಷಿಧಾಮದ ವಿಸ್ತಾರ ಬರೀ 2.23 ಚದರ ಕಿಲೋಮೀಟರ್. ಕಾಲ್ನಡಿಗೆಗೆ ಹೇಳಿಮಾಡಿಸಿದ ಅಳತೆ.

ಡಿಸೆಂಬರಿನ ಒಂದು ಭಾನುವಾರ ಹುಬ್ಬಳ್ಳಿಯಿಂದ ಹತ್ತು ಜನ ಕತ್ತಲಿರುವಾಗಲೇ ಹೊರಟು ಬಂದಿದ್ದರು. ನಿವೃತ್ತ ಮೇಷ್ಟ್ರೊಬ್ಬರು, ಬ್ಯಾಂಕಿನವರಿಬ್ಬರು, ಕಾಲೇಜಿನ ಹುಡುಗಿಯರು, ಆರನೇ ಇಯತ್ತೆಯ ಒಬ್ಬ ಹುಡುಗ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೊರಳಲ್ಲಿ ಬೈನಾಕ್ಯುಲರ್. ಮೇಷ್ಟ್ರದ್ದು 8×42. ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿನದು. ಹತ್ತು, ಹನ್ನೆರಡು ಪಟ್ಟಿನದಕ್ಕೆ ಆಸೆಪಟ್ಟರೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ನೋಟ ಕಿರಿದಾಗಿ ಹಾರುವ ಹಕ್ಕಿ ತಪ್ಪಿಹೋಗುತ್ತದೆ ಎಂಬುದು ಅವರು ಹೊಸಬರಿಗೆ ಹೇಳುವ ಮೊದಲ ಪಾಠ.

ಮಂಜು ಇನ್ನೂ ನೀರಿನ ಮೇಲೇ ಇತ್ತು. ಆಚೆಯಿಂದ ಬಿಳಿಯ ಹಕ್ಕಿಗಳ ಸಾಲೊಂದು ತೇಲಿ ಬಂತು.

“ಸರ, ಬೆಳ್ಳಕ್ಕಿ!”

“ಬೆಳ್ಳಕ್ಕಿ ಅಲ್ಲೋ ತಮ್ಮಾ. ಕುತ್ತಿಗಿ ನೋಡು. ಬೆಳ್ಳಕ್ಕಿ ಕುತ್ತಿಗಿ ಮಡಚಿಕೊಂಡು ಹಾರತೈತಿ. ಇವು ನೀಟ ಚಾಚ್ಯಾವ.”

ಅವು ಚಮಚಕೊಕ್ಕಿನ ಹಕ್ಕಿಗಳು. ಅತ್ತಿವೇರಿಗೆ ಹೆಸರು ತಂದವು. ಮೊಣಕಾಲುದ್ದ ನೀರಿಗೆ ಇಳಿದು, ಕೊಕ್ಕನ್ನು ಅರೆತೆರೆದು ಮುಳುಗಿಸಿ, ಗದ್ದೆಯಲ್ಲಿ ಕುಡುಗೋಲು ಬೀಸುವವರ ಹಾಗೆ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಮುಂದೆ ಮುಂದೆ ಹೆಜ್ಜೆ ಹಾಕತೊಡಗಿದವು. ಬೇಟೆಗೆ ಇಲ್ಲಿ ಕಣ್ಣಿಗಿಂತ ಸ್ಪರ್ಶವೇ ಮುಖ್ಯ. ಕಲಕಿದ ನೀರಿನೊಳಗೆ ಸಿಗಡಿಯೋ ಮರಿಮೀನೋ ಕೊಕ್ಕಿನ ಒಳಮೈಗೆ ತಾಗಿದ್ದೇ ತಡ, ಚಮಚ ಮುಚ್ಚಿಕೊಳ್ಳುತ್ತದೆ; ತಲೆ ಮೇಲೆತ್ತಿದಾಗ ಗಂಟಲಲ್ಲಿ ಒಂದು ಚಲನೆ, ಅಷ್ಟೇ. ಮೊಟ್ಟೆಯೊಡೆದ ಮರಿಗೆ ಈ ಚಮಚ ಇರುವುದಿಲ್ಲ. ಗಿಡ್ಡ, ಮೆತ್ತನೆಯ ಕೊಕ್ಕು. ಬೆಳೆಯುತ್ತ ಬೆಳೆಯುತ್ತ ತುದಿ ಅಗಲವಾಗುತ್ತದೆ. ಇದನ್ನು ಕೇಳಿದ ಮೇಲೆ ಹುಡುಗ ಬೈನಾಕ್ಯುಲರ್ ಕೆಳಗಿಳಿಸಲೇ ಇಲ್ಲ. ಇಪ್ಪತ್ತು ನಿಮಿಷ ಗುಂಪು ಒಂದೇ ಕಡೆ ನಿಂತಿತು. ಆ ಹೊತ್ತಿನಲ್ಲಿ ಪಟ್ಟಿಗೆ ಇನ್ನಾರು ಹೆಸರು ಸೇರಿಸಬಹುದಿತ್ತು, ನಿಜ. ಆದರೆ ಒಂದು ಹಕ್ಕಿ ಹೊಟ್ಟೆ ಹೊರೆಯುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ ಸುಖ ಪಟ್ಟಿಯಲ್ಲಿ ಸಿಗುವಂಥದ್ದಲ್ಲ.

ಗುಂಪಿನಲ್ಲಿ ನಡೆದರೆ ಹಕ್ಕಿ ಬೆದರುತ್ತದೆ ಎನ್ನುವವರಿದ್ದಾರೆ. ಮಾತು ನಿಂತರೆ ಆ ಭಯವೂ ಮುಕ್ಕಾಲುಪಾಲು ನಿಲ್ಲುತ್ತದೆ. ಆಗ ಉಳಿಯುವುದು ಇಪ್ಪತ್ತು ಕಣ್ಣುಗಳ ಲಾಭ. ನೀರಿನಿಂದ ಬರೀ ಕೊರಳು ಮೇಲೆದ್ದು ಮತ್ತೆ ಮುಳುಗಿದ್ದನ್ನು ಕಂಡವಳು ಹಿಂದೆ ಬರುತ್ತಿದ್ದ ಹುಡುಗಿ. ಹಾವಕ್ಕಿ! ಮೈಯೆಲ್ಲ ನೀರೊಳಗೆ, ಹಾವಿನ ಹೆಡೆಯಂತೆ ಕತ್ತು ಮಾತ್ರ ಹೊರಗೆ. ಕತ್ತಿನ ಮೂಳೆಯ ಒಂದು ಕೀಲು ಸ್ಪ್ರಿಂಗಿನ ಹಾಗೆ ಚಿಮ್ಮುವುದರಿಂದ ಚೂಪು ಕೊಕ್ಕು ಈಟಿಯಂತೆ ಮೀನನ್ನು ಚುಚ್ಚುತ್ತದೆ. ಪುಕ್ಕ ನೀರು ಹೀರಿಕೊಳ್ಳುವುದರಿಂದ ಮುಳುಗುವುದು ಸುಲಭ, ಹಾರುವುದು ಕಷ್ಟ. ಅದಕ್ಕೇ ಸ್ವಲ್ಪ ಹೊತ್ತಿಗೆ ಅದು ಒಣಕೊಂಬೆಯೇರಿ, ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಎರಡೂ ರೆಕ್ಕೆ ಹರವಿ ಬಿಸಿಲಿಗೆ ಕೂತಿತು. ಪಕ್ಕದ ಕೊಂಬೆಯಲ್ಲಿ ನೀರುಕಾಗೆಗಳದ್ದೂ ಅದೇ ಕೆಲಸ.

ನೀರಿನ ನೆತ್ತಿಯಲ್ಲಿ ಕಪ್ಪು ಬಿಳಿ ಮಿಂಚುಳ್ಳಿಯೊಂದು ನಿಂತಲ್ಲೇ ರೆಕ್ಕೆ ಬಡಿಯುತ್ತ, ನೇರ ಕೆಳಗೆ ಬಿದ್ದು, ಖಾಲಿ ಕೊಕ್ಕಿನಲ್ಲಿ ಎದ್ದು ಬಂತು. ಮತ್ತೆ ಬಿತ್ತು. ಮೂರನೆಯ ಸಲ ಮೀನು ಸಿಕ್ಕಾಗ ಬ್ಯಾಂಕಿನವರಿಬ್ಬರೂ ಒಟ್ಟಿಗೆ ಉಸಿರುಬಿಟ್ಟರು.

ನಡು ಮಧ್ಯಾಹ್ನ ಮರದ ನೆರಳಲ್ಲಿ ರೊಟ್ಟಿ ಬಿಚ್ಚಿದರು. ತಲೆಯ ಮೇಲೆ ಬೂದು ಮಂಗಟ್ಟೆಯ ಕೂಗು ಕೇಳಿಸಿತು, ಹಕ್ಕಿ ಕಾಣಲಿಲ್ಲ. ಕೇಳಿಸಿದ್ದನ್ನೂ ಮೇಷ್ಟ್ರು ಬರೆದುಕೊಂಡರು. ಅವರ ಪುಸ್ತಕದಲ್ಲಿ ಕಿವಿಗೂ ಕಣ್ಣಿನಷ್ಟೇ ಬೆಲೆ.

ಇಂಥ ನಡಿಗೆಗೆ ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಬಣ್ಣಬಣ್ಣದ ಅಂಗಿ ಬೇಡ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಗೂಡು ಕಂಡರೆ ದೂರದಿಂದಲೇ ನೋಡಿ. ಫೋಟೋ ಆಸೆಗೆ ಹತ್ತಿರ ಹೋದರೆ ತಾಯಿ ಹಾರಿಹೋಗುತ್ತದೆ. ನೆರಳಿಲ್ಲದ ಗೂಡಿನಲ್ಲಿ ಪುಕ್ಕ ಮೂಡದ ಮರಿ ಬಿಸಿಲನ್ನು ಹೆಚ್ಚು ಹೊತ್ತು ತಾಳಲಾರದು. ಇಲ್ಲವೇ ಕಾಗೆ ಕಾದೇ ಇರುತ್ತದೆ. ಅತ್ತಿವೇರಿಗೆ ಹೋಗುವವರು ದಯವಿಟ್ಟು ಆ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲಿ.